ಪಾಲಾಗದ ತಾಯಿ ಕಬ್ಬು

ಕಂಪ್ಲಿಯ ಕಡೆ ಕಬ್ಬು ನಾಟಿ ಮಾಡುವುದನ್ನು ಬದುವಿನ ಮೇಲೆ ಕೂತು ನೋಡಬೇಕು. ಎಂಟು-ಹತ್ತು ತಿಂಗಳ ಎಳೆಗಬ್ಬನ್ನು ತಂದು ಹಾಕಿಕೊಂಡು, ರವದಿ ಸುಲಿದು, ಮಚ್ಚಿನಿಂದ ತುಂಡು ಮಾಡುತ್ತಾರೆ. ತುಂಡಿಗೆ ಎರಡೋ ಮೂರೋ ಕಣ್ಣು. ಏಟು ಕಣ್ಣಿಗೆ ತಗಲಬಾರದು, ತುದಿ ಸೀಳಬಾರದು. ಕೆಂಪು ತಿರುಗಿದ ತುಂಡನ್ನು ಅಲ್ಲೇ ಬದಿಗೆ ಎಸೆಯುತ್ತಾರೆ. ಉಳಿದದ್ದನ್ನು ಸಾಲಿನಲ್ಲಿ ಮಲಗಿಸಿ, ಕಾಲಿನಿಂದ ಕೆಸರಿಗೆ ತುಳಿದು, ಮಡೆ ತೆಗೆದು ನೀರು ಬಿಡುತ್ತಾರೆ. ಎರಡು-ಮೂರು ವಾರಕ್ಕೆ ಕಣ್ಣಿನಿಂದ ಮೊಳಕೆ ಏಳುತ್ತದೆ. ಈ ಮೊಳಕೆಗೆ ತಂದೆ-ತಾಯಿ ಯಾರೂ ಇಲ್ಲ. ಅದು ಹೋದ ವರ್ಷದ ಕಬ್ಬೇ ಮತ್ತೆ ಎದ್ದದ್ದು, ಅದಕ್ಕೆ ಹಿಂದಿನ ವರ್ಷದ ಕಬ್ಬೂ ಅದೇ.

ಹಂಪಿ, ಕಮಲಾಪುರದ ಬಾಳೆತೋಟಗಳಲ್ಲೂ ಹೀಗೆಯೇ. ತಾಯಿಗಿಡದ ಬುಡದ ಮರಿಯನ್ನು ಕಿತ್ತು ಬೇರೆ ಗುಣಿಯಲ್ಲಿ ನೆಟ್ಟರೆ ಆಯಿತು. ಹೊಸಪೇಟೆಯಿಂದ ಕಂಪ್ಲಿಯವರೆಗೆ ಕಾಲುವೆಗಳ ಕೆಳಗೆ ಹಸಿರಾಗಿ ನಿಂತ ಈ ಎರಡು ಬೆಳೆಗಳಿಗೆ ಹೊಲದಲ್ಲಿ ಗಂಡು-ಹೆಣ್ಣಿನ ಹಂಗಿಲ್ಲ. ಪರಾಗ, ಅಂಡಾಣು ಎನ್ನುವುದೆಲ್ಲ ಇಲ್ಲಿನ ಒಕ್ಕಲುತನದ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಈ ಬಯಲಿನ ಕಬ್ಬಿನ ಚರಿತ್ರೆ ಹೊರಳಿದ್ದು ಒಂದು ಅಂಡಾಣುವಿನಲ್ಲಿ, ಅದೂ ಇಲ್ಲಿಂದ ಬಹುದೂರದ ಕೊಯಮತ್ತೂರಿನಲ್ಲಿ.

ಮೊದಲು ನೀರಿನ ಮಾತು ಮುಗಿಸೋಣ. ಸುತ್ತ ಬಂಡೆ, ಬಿಸಿಲು, ಅಷ್ಟಕ್ಕಷ್ಟೇ ಮಳೆ. ಇಂಥ ಕಡೆ ವರ್ಷವಿಡೀ ಕಾಲ ಬುಡದಲ್ಲಿ ತೇವ ಬೇಡುವ ಕಬ್ಬು, ಬಾಳೆ ಬೆಳೆಯುವುದು ವಿಜಯನಗರದ ಅರಸರು ತುಂಗಭದ್ರೆಗೆ ಕಟ್ಟಿಸಿದ ಅಣೆಗಳಿಂದ. ಕೃಷ್ಣದೇವರಾಯನ ಕಾಲದಲ್ಲಿ, 1521ರ ಸುಮಾರಿಗೆ, ಕೊರ್ರಗಲ್ಲಿನ ಅಣೆಯೂ ಬಸವಣ್ಣ ಕಾಲುವೆಯೂ ಆದವು. ರಾಯ ಕಾಲುವೆ, ಹಂಪಿಯ ಪಾಳುಗಳ ನಡುವೆಯೇ ಹರಿಯುವ ತುರ್ತು ಕಾಲುವೆ, ಕೆಳಗೆ ರಾಮಸಾಗರ, ಕಂಪ್ಲಿ ಕಾಲುವೆಗಳು ಸೇರಿ ಒಂದು ಜಾಲ. 1565ರಲ್ಲಿ ರಕ್ಕಸತಂಗಡಿಯ ಯುದ್ಧ ಸೋತು ಪಟ್ಟಣ ಹಾಳಾಯಿತು, ಅರಮನೆಗಳು ಸುಟ್ಟವು. ಕಾಲುವೆಗಳು ಮಾತ್ರ ನಿಲ್ಲಲಿಲ್ಲ. ಅರಸು ಯಾರಾದರೂ ನೀರುಗಂಟಿ ತನ್ನ ಕೆಲಸ ಮಾಡಿದ. ಹಂಪಿಗೆ ಬರುವವರು ಕಲ್ಲಿನ ರಥದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ವಿಜಯನಗರದ್ದು ಇನ್ನೂ ಜೀವಂತವಾಗಿ ದುಡಿಯುತ್ತಿರುವುದು ಈ ಕಾಲುವೆಗಳೇ ಎಂದು ನನ್ನ ಎಣಿಕೆ.

ಹಳೆಯ ಕಾಲದ ಕಬ್ಬು ಇವತ್ತಿನದಲ್ಲ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿ ಕಂಡ ನಾಲ್ಕು ಕಬ್ಬುಗಳ ಹೆಸರು ಬರೆದಿಟ್ಟಿದ್ದಾನೆ: ರಸದಾಳಿ, ಪಟ್ಟಪಟ್ಟಿ, ಮರಕಬ್ಬು, ಕಡ್ಡಿಕಬ್ಬು ಎಂದು ನಾವು ಓದಿಕೊಳ್ಳಬಹುದಾದ ಹೆಸರುಗಳು. ರಸದಾಳಿ, ಪಟ್ಟಪಟ್ಟಿಯಂಥವು ದಪ್ಪನೆಯ, ಮೃದುವಾದ, ಹಲ್ಲಿನಿಂದಲೇ ಸಿಗಿದು ತಿನ್ನಬಹುದಾದ ಸಿಹಿಗಬ್ಬುಗಳು. ಇಂಥ ಕಬ್ಬಿನ ತವರು ನ್ಯೂಗಿನಿ. ಅಲ್ಲಿಂದ ತುಂಡು ತುಂಡಾಗಿ, ಕೈಯಿಂದ ಕೈಗೆ ಸಾಗಿ ಬಂದವು.

ಕಬ್ಬಿನ ಜೊತೆ ಬಂದದ್ದು ಆಲೆಮನೆ. ಇದರಲ್ಲಿ ಸಂಡೂರಿಗೂ ಪಾಲಿದೆ. ಸಂಡೂರು ಬೆಟ್ಟದ ಅದಿರು ಹಡಗು ಹತ್ತಿ ಪರದೇಶಕ್ಕೆ ಹೋಗುವುದಕ್ಕೆ ಬಹಳ ಮೊದಲು, ಕಮಲಾಪುರದ ಕುಲುಮೆಗಳಲ್ಲಿ ಕರಗಿ, ಕಬ್ಬಿನ ಹಾಲು ಕಾಯಿಸುವ ಅಗಲಬಾಯಿಯ ಕೊಪ್ಪರಿಗೆಯಾಗುತ್ತಿತ್ತು. ಅಗ್ಗದ ವಿಲಾಯಿತಿ ಕಬ್ಬಿಣ ಬಂದು ಆ ಕುಲುಮೆಗಳು ಆರಿದವು.

ಹೊಸಪೇಟೆ, ಕಂಪ್ಲಿ 1800ರಲ್ಲಿ ನಿಜಾಮನಿಂದ ಕಂಪನಿಯ ಕೈಸೇರಿ ಮದ್ರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದವು. ಸಂಡೂರು ಘೋರ್ಪಡೆಯವರ ಪುಟ್ಟ ಸಂಸ್ಥಾನವಾಗಿ ಬೇರೆಯೇ ಉಳಿಯಿತು. ಇದೇ ಮದ್ರಾಸು ಪ್ರಾಂತ್ಯದ ಇನ್ನೊಂದು ತುದಿಯಲ್ಲಿ, ಗೋದಾವರಿ ಮುಖಜಭೂಮಿಯಲ್ಲಿ, 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಕಬ್ಬಿಗೆ ಕೆಂಪು ಕೊಳೆ ರೋಗ ಬಿತ್ತು. ಕಬ್ಬನ್ನು ಸೀಳಿದರೆ ಒಳಗೆ ಕೆಂಪು, ನಡುನಡುವೆ ಅಡ್ಡ ಬಿಳಿ ಮಚ್ಚೆ, ಹುಳಿ ವಾಸನೆ. ರೋಗ ಒಂದು ಗದ್ದೆಗೆ ಬಂದರೆ ಪಕ್ಕದ್ದು ಉಳಿಯಲಿಲ್ಲ. ಉಳಿಯುವುದಾದರೂ ಹೇಗೆ? ಎಲ್ಲ ಗದ್ದೆಗಳಲ್ಲಿ ನಿಂತಿದ್ದದ್ದು ಒಂದೇ ಗಿಡದ ತುಂಡುಗಳು. ಒಂದಕ್ಕೆ ತಡೆಯುವ ಶಕ್ತಿ ಇಲ್ಲ ಎಂದರೆ ಯಾವುದಕ್ಕೂ ಇಲ್ಲ. ಮದ್ರಾಸು ಸರ್ಕಾರ 1902ರಲ್ಲಿ ಸಾಮರ್ಲಕೋಟದಲ್ಲಿ ಕಬ್ಬಿನ ಕ್ಷೇತ್ರ ತೆರೆಯಿತು. ಸರ್ಕಾರದ ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಆಲ್ಫ್ರೆಡ್ ಬಾರ್ಬರ್ ಕಬ್ಬಿನ ಬೆನ್ನು ಹತ್ತಿದ್ದು ಹೀಗೆ.

ರೋಗಕ್ಕೆ ಜಗ್ಗದ ಹೊಸ ಕಬ್ಬು ಬೇಕಿದ್ದರೆ ಬೀಜದಿಂದ ಸಸಿ ಎಬ್ಬಿಸಬೇಕು, ಬೇರೆ ದಾರಿ ಇಲ್ಲ. ಕಬ್ಬಿಗೆ ಬೀಜವೇ ಇಲ್ಲ ಎಂದು ಲೋಕವೆಲ್ಲ ನಂಬಿತ್ತು. 1880ರ ದಶಕದ ಕೊನೆಯಲ್ಲಿ ಜಾವಾದಲ್ಲಿ ಸೋಲ್ಟ್‌ವೆಡೆಲ್, ಬಾರ್ಬಡೋಸಿನಲ್ಲಿ ಹ್ಯಾರಿಸನ್ ಮತ್ತು ಬೋವೆಲ್ ಆ ನಂಬಿಕೆ ಸುಳ್ಳೆಂದು ತೋರಿಸಿದರು. ಸೂಲಂಗಿಯ ಬಿಳಿ ನೂಲಿನ ನಡುವೆ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದಾಗಿ, ಮೊಳೆಯುವ ಬೀಜ ಇತ್ತು. ನಮ್ಮ ರೈತರಿಗೆ ಸೂಲಂಗಿ ಎಂದರೆ ಆಗದು. ಅದು ಬಂದ ಮೇಲೆ ಕಬ್ಬು ಬೆಂಡಾಗುತ್ತದೆ, ಇಳುವರಿ ಇಳಿಯುತ್ತದೆ. ರೈತನಿಗೆ ನಷ್ಟವಾದ ಈ ಹೂವೇ ತಳಿ ಮಾಡುವವರಿಗೆ ಬಂಡವಾಳ. ಅದು ಧಾರಾಳವಾಗಿ ಬರುವ ಜಾಗವನ್ನು ಹುಡುಕಿಯೇ 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬು ತಳಿ ಸಂಸ್ಥೆ ತೆರೆದರು. ಬಾರ್ಬರ್ ಮುಖ್ಯಸ್ಥ, ಟಿ. ಎಸ್. ವೆಂಕಟರಾಮನ್ ಅವರ ಸಹಾಯಕ.

ಹೂವಿನೊಳಗೆ ನಡೆಯುವುದನ್ನು ಇಲ್ಲಿ ಹೇಳಿಬಿಡಬೇಕು. ಜೀವಕೋಶದಲ್ಲಿ ವರ್ಣತಂತುಗಳು ಜೋಡಿ ಜೋಡಿಯಾಗಿರುತ್ತವೆ, ಜೋಡಿಯಲ್ಲಿ ಒಂದು ತಾಯಿಯ ಕಡೆಯದು, ಒಂದು ತಂದೆಯ ಕಡೆಯದು. ಮುಂದಿನ ಪೀಳಿಗೆಗೆ ಕಳಿಸುವಾಗ ಇದು ಮನೆ ಆಸ್ತಿಯ ಪಾಲಿನ ಹಾಗೆ. ಪ್ರತಿ ಜೋಡಿಯಲ್ಲೂ ಒಂದು ಮಾತ್ರ ಹೋಗಬೇಕು, ಪೂರ್ತಿ ಆಸ್ತಿ ಹೋಗುವ ಹಾಗಿಲ್ಲ. ಅದಕ್ಕಾಗಿ ಕೋಶ ವರ್ಣತಂತುಗಳನ್ನು ಒಮ್ಮೆ ನಕಲು ಮಾಡಿಕೊಂಡು ಎರಡು ಸಲ ಒಡೆಯುತ್ತದೆ. ಮೊದಲ ಸಲ ಜೋಡಿಗಳು ಅಕ್ಕಪಕ್ಕ ಬಂದು, ಒಂದರ ತುಣುಕು ಇನ್ನೊಂದಕ್ಕೆ ಅದಲುಬದಲಾಗಿ, ಆಮೇಲೆ ಬೇರೆಯಾಗುತ್ತವೆ. ಎರಡನೆಯ ಸಲ ನಕಲುಗಳು ಬೇರೆಯಾಗುತ್ತವೆ. ಒಂದು ಕೋಶದಿಂದ ನಾಲ್ಕು, ಪ್ರತಿಯೊಂದರಲ್ಲೂ ಅರ್ಧ. ಇದಕ್ಕೆ ಮಿಯಾಸಿಸ್ ಎಂದು ಹೆಸರು. ಕುದುರೆಯ ಹೊಟ್ಟೆಯ ಜಂತುಹುಳುವಿನ ತತ್ತಿಯಲ್ಲೂ ವೀರ್ಯಾಣುವಿನಲ್ಲೂ ಎರಡೆರಡೇ ವರ್ಣತಂತು, ಫಲಿತ ತತ್ತಿಯಲ್ಲಿ ನಾಲ್ಕು ಎಂದು ಬೆಲ್ಜಿಯಮ್ಮಿನ ವಾನ್ ಬೆನೆಡೆನ್ 1883ರಲ್ಲಿ ಎಣಿಸಿ ತೋರಿಸಿದ್ದ. ಮಿಯಾಸಿಸ್ ಎಂಬ ಹೆಸರು ಬಿದ್ದದ್ದು 1905ರಲ್ಲಿ. ಅಂದರೆ ಕೊಯಮತ್ತೂರಿನಲ್ಲಿ ಮೊದಲ ಸೂಲಂಗಿಗೆ ಚೀಲ ಕಟ್ಟಿದಾಗ ಆ ಹೆಸರಿಗೆ ಏಳು ವರ್ಷ ಪ್ರಾಯ.

ಮನುಷ್ಯರನ್ನೇ ನೋಡಿ, ಗಂಡು, ಹೆಣ್ಣಿನಲ್ಲಿ ಈ ಪಾಲು ಒಂದೇ ತರ ಅಲ್ಲ. ಗಂಡಸಿನಲ್ಲಿ ನಾಲ್ಕಕ್ಕೆ ನಾಲ್ಕೂ ವೀರ್ಯಾಣುಗಳಾಗುತ್ತವೆ, ಪ್ರಾಯಕ್ಕೆ ಬಂದಾಗ ಶುರುವಾಗಿ ಮುಪ್ಪಿನವರೆಗೂ ನಡೆಯುತ್ತದೆ. ಹೆಣ್ಣಿನಲ್ಲಿ ಒಂದೇ ಅಂಡಾಣುವಾಗಿ ಆಹಾರವನ್ನೆಲ್ಲ ತಾನೇ ಇಟ್ಟುಕೊಳ್ಳುತ್ತದೆ, ಮಿಕ್ಕವು ಸಣ್ಣ ಗುಳ್ಳೆಗಳಾಗಿ ಕಳೆದುಹೋಗುತ್ತವೆ. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಅಂಡಕೋಶಗಳು ಈ ವಿಭಜನೆಗೆ ತೊಡಗಿ ನಡುವೆ ನಿಂತುಬಿಡುತ್ತವೆ. ಮುಂದುವರಿಯುವುದು ಹನ್ನೆರಡು ವರ್ಷಕ್ಕೋ ನಲವತ್ತು ವರ್ಷಕ್ಕೋ. ಅಷ್ಟು ಕಾಲ ಕಾದದ್ದರಿಂದ ತಾಯಿಯ ವಯಸ್ಸು ಏರಿದ ಹಾಗೆ ಪಾಲಿನಲ್ಲಿ ತಪ್ಪುಗಳೂ ಹೆಚ್ಚುತ್ತವೆ. 46ರ ಬದಲು 47 ಆಗಿ, 21ನೆಯ ವರ್ಣತಂತು ಒಂದು ಹೆಚ್ಚಿದರೆ ಡೌನ್ ಸಿಂಡ್ರೋಮ್. ಒಂದು ಪೂರ್ತಿ ಪಾಲೇ ಹೆಚ್ಚಿಬಿಟ್ಟರೆ ಶಿಶು ಬದುಕುವುದಿಲ್ಲ. ಹುಲ್ಲಿನ ಜಾತಿಗೆ ಈ ಕಟ್ಟುನಿಟ್ಟಿಲ್ಲ. ಕಬ್ಬಿಗಂತೂ ಇಲ್ಲವೇ ಇಲ್ಲ.

ಕೊಯಮತ್ತೂರಿನಲ್ಲಿ ವೆಲ್ಲೈ ಎಂಬ ದಪ್ಪನೆಯ ಸಿಹಿಗಬ್ಬನ್ನು ತಾಯಿ ಮಾಡಿದರು. ತಂದೆಯಾಗಿ ಆರಿಸಿದ್ದು ಹಳ್ಳ-ಹೊಳೆಯ ದಂಡೆಯಲ್ಲಿ ಕಳೆಯಾಗಿ ಬೆಳೆಯುವ ಕಾಡುಕಬ್ಬನ್ನು. ಬೆರಳಿಗಿಂತ ಸಪೂರ, ನಾರೇ ನಾರು, ಸಿಹಿ ಹೆಸರಿಗೂ ಇಲ್ಲ. ಆದರೆ ಬರ, ನೆರೆ, ರೋಗ ಯಾವುದಕ್ಕೂ ಜಗ್ಗದ ಜಾತಿ. ಇಂಥ ಹುಲ್ಲನ್ನು ತಂದು ಸಕ್ಕರೆ ಕಬ್ಬಿಗೆ ಕೂಡಿಸಲು ಧೈರ್ಯ ಬೇಕಿತ್ತು. ಆ ಕೂಡಿಕೆಯಿಂದ ಹುಟ್ಟಿದ ಸಸಿಗಳಲ್ಲಿ ಒಂದು ಕೋ 205, 1918ರಲ್ಲಿ ಬೇಸಾಯಕ್ಕೆ ಬಂತು, ಉತ್ತರದ ಪಂಜಾಬಿನ ಗದ್ದೆಗಳನ್ನು ಹಿಡಿಯಿತು. ಸಿಹಿಗಬ್ಬನ್ನೂ ಕಾಡುಕಬ್ಬನ್ನೂ ಬೇಕೆಂದೇ ಕೂಡಿಸಿ ರೈತನ ಕೈಗೆ ಕೊಟ್ಟ ಮೊದಲ ತಳಿ ಅದು. ಮರುವರ್ಷ ಬಾರ್ಬರ್ ನಿವೃತ್ತರಾದರು, ಸಂಸ್ಥೆಯ ಹೊಣೆ ವೆಂಕಟರಾಮನ್ ಹೆಗಲಿಗೆ ಬಂತು.

ಮಾಡಿದವರಿಗೂ ಗೊತ್ತಿಲ್ಲದ ಒಂದು ಸಂಗತಿ ಆ ಕೂಡಿಕೆಯಲ್ಲಿ ನಡೆದಿತ್ತು. ಸಿಹಿಗಬ್ಬಿನಲ್ಲಿ 80 ವರ್ಣತಂತು, ಕೊಯಮತ್ತೂರಿನ ಕಾಡುಕಬ್ಬಿನಲ್ಲಿ 64. ತಾಯಿಯಿಂದ 40, ತಂದೆಯಿಂದ 32 ಬಂದು ಮಗುವಿನಲ್ಲಿ 72 ಇರಬೇಕಾದದ್ದು ನ್ಯಾಯ. ಎಣಿಸಿದರೆ 112! ಇದೇ ಬಗೆಯ ಒಗಟನ್ನು ಮೊದಲು ಬಿಡಿಸಿದವನು ಜಾವಾದಲ್ಲಿದ್ದ ಡಚ್ ವಿಜ್ಞಾನಿ ಬ್ರೆಮರ್, 1920ರ ದಶಕದಲ್ಲಿ. ಅವನ ಮುಂದಿದ್ದದ್ದು ಕಾಸೂರ್ ಎಂಬ ಕಬ್ಬು, ತಾನಾಗಿಯೇ ಹುಟ್ಟಿದ ಮಿಶ್ರತಳಿ. ತಾಯಿಯದು 80, ಜಾವಾದ ಕಾಡುಕಬ್ಬಿನದು 112, ಮಗುವಿನದು 136. ತಂದೆಯ ಅರ್ಧ 56 ಕಳೆದರೆ ಉಳಿಯುವುದು 80. ತಾಯಿ ಪಾಲು ಮಾಡಲೇ ಇಲ್ಲ, ಪೂರ್ತಿ ಆಸ್ತಿಯನ್ನು ಮಗುವಿಗೆ ಬರೆದುಕೊಟ್ಟಿದ್ದಳು.

ಇದಕ್ಕೆ ಕಾರಣವೇನು? ಅಂಡಾಣುವಾಗುವ ಕೋಶದ ಮೊದಲ ವಿಭಜನೆ ಅರ್ಧಕ್ಕೆ ನಿಂತು ಎಲ್ಲ ವರ್ಣತಂತುಗಳೂ ಒಂದೇ ಕಡೆ ಉಳಿದವು ಎನ್ನುವವರಿದ್ದಾರೆ. ಪಾಲಾದ ಮೇಲೆ ಅರ್ಧವೇ ಮತ್ತೆ ಇಮ್ಮಡಿಸಿತು ಎನ್ನುವವರೂ ಇದ್ದಾರೆ. ನನಗೆ ಹೆಚ್ಚು ಬೆರಗೆನಿಸಿದ್ದು ಇನ್ನೊಂದು. ತಾಯಿ-ತಂದೆಯನ್ನು ಅದಲುಬದಲು ಮಾಡಿ, ಕಾಡುಕಬ್ಬನ್ನು ತಾಯಿಯಾಗಿಸಿದರೆ, ಸಾಮಾನ್ಯವಾಗಿ ಇಬ್ಬರೂ ಅರ್ಧರ್ಧವೇ ಕೊಡುತ್ತಾರೆ. ಸಿಹಿಗಬ್ಬು ಹೆಣ್ಣಾಗಿ, ಕಾಡುಕಬ್ಬು ಗಂಡಾಗಿ ಸೇರಿದಾಗಲೇ ಈ ಪವಾಡ. ಹುಟ್ಟಿದ ಮಗಳನ್ನು ಮತ್ತೆ ಸಿಹಿಗಬ್ಬಿಗೆ ಕೂಡಿಸಿದರೆ ಇನ್ನೊಮ್ಮೆ ನಡೆಯುತ್ತದೆ, ಆಮೇಲೆ ನಿಲ್ಲುತ್ತದೆ. ಸಿಹಿ ಬೇಗ ಮರಳಿ ಬಂದದ್ದು ಇದರಿಂದ. ಹಾಗಾಗದೆ ಇದ್ದಿದ್ದರೆ ಕಾಡು ಹುಲ್ಲಿನ ನಾರನ್ನು ಕಳೆಯಲು ಇನ್ನೂ ಎಷ್ಟೋ ಪೀಳಿಗೆ ಕೂಡಿಸುತ್ತ ಕೂರಬೇಕಿತ್ತು. ಇವತ್ತಿನ ಕಬ್ಬಿನಲ್ಲಿ ವರ್ಣತಂತು 100ರಿಂದ 130. ಅದರಲ್ಲಿ ನೂರಕ್ಕೆ ಎಂಬತ್ತರಷ್ಟು ಸಿಹಿಗಬ್ಬಿನದು, ಹತ್ತು-ಹದಿನೈದರಷ್ಟು ಕಾಡುಕಬ್ಬಿನದು. ಗದ್ದೆ ನಿಂತಿರುವುದು ಆ ಹತ್ತು-ಹದಿನೈದರ ಬಲದ ಮೇಲೆ.

1932ರಲ್ಲಿ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ಸಿಕ್ಕಿತು. ಜಾವಾ ಸಕ್ಕರೆ ಬರುವುದು ನಿಂತು, ದೇಶದಲ್ಲಿ ಮೂವತ್ತರ ಆಸುಪಾಸಿನಲ್ಲಿದ್ದ ಕಾರ್ಖಾನೆಗಳು ನಾಲ್ಕೈದು ವರ್ಷದಲ್ಲಿ ನೂರಮೂವತ್ತರ ಗಡಿ ದಾಟಿದವು. ಮೈಸೂರು ಸಂಸ್ಥಾನದಲ್ಲಿ ಮಂಡ್ಯ, ಮದ್ರಾಸು ಪ್ರಾಂತ್ಯದ ಈ ಮೂಲೆಯಲ್ಲಿ ಹೊಸಪೇಟೆ. ಚಿತ್ತವಾಡ್ಗಿಯ ಇಂಡಿಯಾ ಶುಗರ್ಸ್ ಅಂಡ್ ರಿಫೈನರೀಸ್, ಊರ ಬಾಯಲ್ಲಿ ಐಎಸ್‌ಆರ್, ಆ ದಶಕದ್ದು. ಕಾರ್ಖಾನೆಗೆ ರಸದಾಳಿಯ ನಾಜೂಕು ಬೇಡ. ಗಾಳಿಗೆ ಬೀಳದ, ಎಕರೆಗೆ ಹೆಚ್ಚು ಟನ್ ತೂಗುವ ಕಬ್ಬು ಬೇಕು. ಅದೇ ದಶಕದಲ್ಲಿ ಕೊಯಮತ್ತೂರಿನಿಂದ ಬಂದ ಕೋ 419 ದಕ್ಷಿಣದ ನೀರಾವರಿ ಗದ್ದೆಗಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಅದರ ತಾಯಿ ಜಾವಾದ ಪಿಓಜೆ 2878, ತಂದೆ ಕೋ 290. ಪಿಓಜೆ 2878ರ ವಂಶ ಹಿಂದಕ್ಕೆ ಹುಡುಕಿದರೆ ಬ್ರೆಮರ್ ಎಣಿಸಿದ ಆ ಕಾಸೂರೇ ಕೋ 419ಕ್ಕೆ ಮುತ್ತಜ್ಜ. ಕೋ 419 ದಶಕಗಳ ಕಾಲ ದಕ್ಷಿಣದ ಗದ್ದೆಗಳನ್ನು ಆಳಿತು. ಪಟ್ಟಪಟ್ಟಿ, ರಸದಾಳಿ ಹಬ್ಬದ ತಿನ್ನುಗಬ್ಬಾಗಿ ಹಿತ್ತಿಲು ಸೇರಿದವು.

ಕೊಯಮತ್ತೂರಿನ ಇನ್ನೊಂದು ಪ್ರಯೋಗ ಜೋಳ ಬೆಳೆಯುವ ಬಳ್ಳಾರಿಯವರಿಗೆ ಹತ್ತಿರದ್ದು. ಕಬ್ಬಿಗೆ ಜೋಳ ಕೂಡಿಸಿದರು! ವರ್ಷ ನಿಲ್ಲುವ ಕಬ್ಬನ್ನು ಜೋಳದ ಹಾಗೆ ಬೇಗ ಕೊಯ್ಲಿಗೆ ತರುವ ಆಸೆ. 1930ರ ಹೊತ್ತಿಗೆ ಸಸಿಗಳೇನೋ ಎದ್ದವು, ಗದ್ದೆಗೆ ಬರುವಂಥ ಬೆಳೆ ಆಗಲಿಲ್ಲ. 1934ರಲ್ಲಿ ಸಂಸ್ಥೆಗೆ ಬಂದ ತಲಶ್ಶೇರಿಯ ಇ. ಕೆ. ಜಾನಕಿ ಅಮ್ಮಾಳ್ ಕಬ್ಬಿಗೆ ಮೆಕ್ಕೆಜೋಳವನ್ನೂ ಕೂಡಿಸಿ ನೋಡಿದರು, ಸೂಕ್ಷ್ಮದರ್ಶಕದಲ್ಲಿ ವರ್ಣತಂತು ಎಣಿಸಿದರು, ಏಷ್ಯಾದ ಕಾಡುಕಬ್ಬಿನಲ್ಲಿ ಆ ಎಣಿಕೆ ಊರಿಗೊಂದು ಎನ್ನುವಷ್ಟು ಬೇರೆ ಬೇರೆ ಎಂದು ತೋರಿಸಿದರು. ಆಮೇಲೆ ಇಂಗ್ಲೆಂಡಿಗೆ ಹೋಗಿ, 1945ರಲ್ಲಿ ಡಾರ್ಲಿಂಗ್ಟನ್ ಎಂಬ ವಿಜ್ಞಾನಿಯ ಜೊತೆ ಬೇಸಾಯದ ಗಿಡಗಳ ವರ್ಣತಂತುಗಳ ಪಟ್ಟಿಯನ್ನೇ ಪುಸ್ತಕವಾಗಿ ತಂದರು. ಕಬ್ಬಿನ ಕಥೆಯಲ್ಲಿ ವೆಂಕಟರಾಮನ್ ಹೆಸರು ಬಂದಷ್ಟು ಸಲ ಜಾನಕಿ ಅಮ್ಮಾಳ್ ಹೆಸರು ಬರುವುದಿಲ್ಲ. ಬರಬೇಕು.

ಬಾಳೆಯದು ಇದೇ ಕಥೆಯ ತಿರುವು. ಕಮಲಾಪುರದ ರಸ್ತೆಬದಿಯಲ್ಲಿ ಕೊಂಡ ಹಣ್ಣನ್ನು ಅಡ್ಡ ಕತ್ತರಿಸಿ ನೋಡಿ. ನಡುವೆ ಸುತ್ತಲೂ ಎಳ್ಳಿಗಿಂತ ಸಣ್ಣ ಕಪ್ಪು-ಕಂದು ಚುಕ್ಕಿಗಳು. ಬೀಜವಾಗಬೇಕಾಗಿದ್ದು ಆಗದೆ ಹೋದದ್ದು ಅವು. ಕಾಡುಬಾಳೆಯಲ್ಲಿ ಅದೇ ಜಾಗದಲ್ಲಿ ಹಲ್ಲು ಮುರಿಯುವಂಥ ಗಟ್ಟಿ ಬೀಜಗಳಿರುತ್ತವೆ, ವರ್ಣತಂತು 22, ಪಾಲು ಸಲೀಸು. ಎಂದೋ ಒಂದು ಬಾಳೆಯ ಅಂಡಾಣು 11ಕ್ಕೆ ಇಳಿಯದೆ 22ನ್ನೂ ಇಟ್ಟುಕೊಂಡಿತು, ಬಂದ ಪರಾಗದಲ್ಲಿ 11. ಒಟ್ಟು 33. ಕಬ್ಬಿನ ತಾಯಿ ಮಾಡಿದ್ದನ್ನೇ ಬಾಳೆಯ ತಾಯಿಯೂ ಮಾಡಿದ್ದಳು. ಫಲ ಮಾತ್ರ ಬೇರೆ. ಮೂರು ಮೂರಾಗಿ ನಿಂತ ವರ್ಣತಂತುಗಳು ಜೋಡಿಯಾಗಲಾರವು, ಎರಡು ಸೇರಿದರೆ ಒಂದು ಒಂಟಿ. ಅರ್ಧ ಮಾಡಲು ಹೋದರೆ ಲೆಕ್ಕ ತಪ್ಪುತ್ತದೆ, ಪರಾಗವೂ ಅಂಡಾಣುವೂ ಕೆಡುತ್ತವೆ. ಹಣ್ಣು ಫಲೀಕರಣಕ್ಕೆ ಕಾಯದೆ ತಾನೇ ಊದಿಕೊಳ್ಳುವ ಗುಣವೊಂದು ಮೊದಲೇ ಇದ್ದದ್ದರಿಂದ ನಮಗೆ ಬೀಜವಿಲ್ಲದ ಹಣ್ಣು ಸಿಕ್ಕಿತು. ಪಚ್ಚಬಾಳೆಯ ಜಾತಿಗಳೆಲ್ಲ ಈ 33ರವು. ಏಲಕ್ಕಿ ಬಾಳೆ 22ರದ್ದೇ, ಆದರೆ ಎರಡು ಬೇರೆ ಬೇರೆ ಕಾಡುಜಾತಿಗಳಿಂದ ಒಂದೊಂದು ಕಂತೆ ಬಂದು ಸೇರಿದ್ದು. ಅಲ್ಲೂ ಜೋಡಿ ಸರಿಹೊಂದದೆ ಬೀಜ ಕಟ್ಟುವುದಿಲ್ಲ.

ಗೋದಾವರಿಯ ಕಬ್ಬಿಗೆ ಬಂದ ಕಷ್ಟ ಬಾಳೆಗೂ ತಪ್ಪಲಿಲ್ಲ. ನಂಜನಗೂಡಿನ ರಸಬಾಳೆ ಪನಾಮಾ ಸೊರಗು ರೋಗಕ್ಕೆ ಸಿಕ್ಕಿ ಬಹುಮಟ್ಟಿಗೆ ಕಾಣೆಯಾಯಿತು. ಕಬ್ಬಿಗೆ ಕೊಯಮತ್ತೂರಿನ ದಾರಿ ಇತ್ತು. ಅಂಡಾಣುವೇ ಕೈಕೊಟ್ಟ ಬಾಳೆಯಲ್ಲಿ ಹೊಸ ತಳಿ ಎಬ್ಬಿಸುವುದು ಬಹಳ ಕಷ್ಟದ ಕೆಲಸ.

ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ತೊಡಗಿ 1953ಕ್ಕೆ ನೀರು ಹರಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಹೊಸಪೇಟೆ, ಕಂಪ್ಲಿ, ಸಂಡೂರುಗಳು ಮೈಸೂರು ರಾಜ್ಯಕ್ಕೆ ಬಂದವು. ಹಳೆಯ ಅಣೆಗಳಲ್ಲಿ ಕೆಲವು ಜಲಾಶಯದಲ್ಲಿ ಮುಳುಗಿ, ರಾಯ, ಬಸವಣ್ಣ ಕಾಲುವೆಗಳು ಜಲಾಶಯದಿಂದಲೇ ನೀರು ಪಡೆಯತೊಡಗಿದವು. ಹೊಸ ಕಾಲುವೆಗಳ ಅಚ್ಚುಕಟ್ಟಿನಲ್ಲಿ ಕಬ್ಬು, ಭತ್ತಕ್ಕೆ ನೂರೆಂಟು ಕಟ್ಟಳೆ. ವಿಜಯನಗರ ಕಾಲುವೆಗಳಿಗೆ ಹಳೆಯ ಹಕ್ಕಿನ ನೀರು ಉಳಿಯಿತು, ಅದರಿಂದ ಕಬ್ಬೂ ಬಾಳೆಯೂ ಉಳಿದವು. ಐಎಸ್‌ಆರ್ ಕಾರ್ಖಾನೆಯ ಚಿಮಣಿ ಹೊಗೆಯಾಡದೆ ವರ್ಷಗಳಾದವು. ಕಂಪ್ಲಿಯ ಸಕ್ಕರೆ ಕಾರ್ಖಾನೆ ಅದಕ್ಕೂ ಮೊದಲೇ ನಿಂತಿತು. ಕಬ್ಬು ಈಗ ಲಾರಿ, ಟ್ರ್ಯಾಕ್ಟರ್ ಹತ್ತಿ ದೂರದ ಕಾರ್ಖಾನೆಗೋ ಹತ್ತಿರದ ಆಲೆಮನೆಗೋ ಹೋಗುತ್ತದೆ.

2000ದಲ್ಲಿ ಬಿಡುಗಡೆಯಾದ ಕೋ 86032 ಈಗ ದಕ್ಷಿಣದ ಗದ್ದೆಗಳ ದೊಡ್ಡ ಪಾಲನ್ನು ಹಿಡಿದಿದೆ. ರೈತರ ಬಾಯಲ್ಲಿ ಅದು ಬರೀ ನಂಬರು. ಮತ್ತೆ ಅದೇ ಪರಿಸ್ಥಿತಿ, ಲಕ್ಷಾಂತರ ಎಕರೆಯಲ್ಲಿ ಒಂದೇ ಗಿಡ. ಅದಕ್ಕೇ ಪ್ರತಿ ವರ್ಷ ಸೂಲಂಗಿಯ ಕಾಲದಲ್ಲಿ ಬೇರೆ ಬೇರೆ ರಾಜ್ಯಗಳ ತಳಿವಿಜ್ಞಾನಿಗಳು ಕೊಯಮತ್ತೂರಿನ ರಾಷ್ಟ್ರೀಯ ಸಂಕರಣ ತೋಟಕ್ಕೆ ಹೋಗುತ್ತಾರೆ, ಮಂಡ್ಯದ ವಿ. ಸಿ. ಫಾರ್ಮಿನವರೂ ಸಂಕೇಶ್ವರ ಸಂಶೋಧನಾ ಕೇಂದ್ರದವರೂ. ಬೆಳಗಿನ ಜಾವ ಗಂಡುಹೂವಿನ ಪುಡಿಯನ್ನು ಹೆಣ್ಣುಸೂಲಂಗಿಗೆ ಉದುರಿಸಿ, ಚೀಟಿ ಕಟ್ಟುತ್ತಾರೆ. ಬಲಿತ ನೂಲನ್ನು ಒಣಗಿಸಿ ಊರಿಗೆ ತಂದು ಬಿತ್ತುತ್ತಾರೆ. ಸಾವಿರಾರು ಸಸಿಗಳಲ್ಲಿ ಯಾವ ಎರಡೂ ಒಂದೇ ತರ ಇರುವುದಿಲ್ಲ. ಅವುಗಳಲ್ಲಿ ಒಂದನ್ನು ಆರಿಸಿ, ತೂಗಿ, ರೋಗಕ್ಕೆ ಒಡ್ಡಿ, ಕೂಳೆ ನೋಡಿ, ಕಂಪ್ಲಿಯ ರೈತನ ಮಚ್ಚಿನ ಕೆಳಗೆ ತುಂಡಾಗುವಷ್ಟು ಹೆಚ್ಚಿಸಲು ಹತ್ತು-ಹನ್ನೆರಡು ವರ್ಷ ಬೇಕು.